ತೊಳೆದ ಗೆಡ್ಡೆ

ಶಾಲೆಯ ತೋಟ ಮಾಡಿದವಳು ನಾನು. ಅಗೆದದ್ದು ನಾನು, ಕಲ್ಲು ಹೆಕ್ಕಿದ್ದು ನಾನು, ಬೇಸಗೆಯಲ್ಲಿ ತೋಡಿನ ಗುಂಡಿಯಿಂದ ನೀರು ಹೊತ್ತದ್ದು ನಾನು. ನಾಲ್ಕು ವರ್ಷ. ಬಂದವರಿಗೆಲ್ಲ ಮಾಷ್ಟ್ರು ಹೇಳುತ್ತಿದ್ದದ್ದು, "ಇದು ನಮ್ಮ ಮಕ್ಕಳು ಬೆಳೆಸಿದ ಕೈತೋಟ" ಎಂದು. ಮಕ್ಕಳು ವಾರಕ್ಕೊಮ್ಮೆ ಸಾಲಾಗಿ ಬಂದು, ಬೆಂಡೆಗಿಡ ನೋಡಿ, ಪುಸ್ತಕದಲ್ಲಿ ಬೆಂಡೆ ಎಂದು ಬರೆದುಕೊಂಡು ಹೋಗುತ್ತಿದ್ದರು. ಅದಕ್ಕೆ ನನಗೆ ಸಿಟ್ಟಿಲ್ಲ. ಮಕ್ಕಳು ಬರೆಯಲಿ. ನನ್ನ ಸಿಟ್ಟು ಬೇರೆಯದಕ್ಕೆ. ಅದನ್ನೇ ಹೇಳುತ್ತೇನೆ.

ನನ್ನ ಹೆಸರು ಅಮ್ಮಣಿ. ನಾವು ಕೊರಗರು. ಕಕ್ಕಿಂಜೆಯಲ್ಲಿ ಚಾರ್ಮಾಡಿ ರಸ್ತೆ ಬಿಟ್ಟು ಒಳಗೆ ಮೂರು ಮೈಲಿ ನಡೆದರೆ ನಮ್ಮ ಅಡ್ಕ ಸಿಗುತ್ತದೆ. ಬರೀ ಮುರಕಲ್ಲಿನ ಬಯಲು. ಅದರ ಅಂಚಿಗೆ ಸರಕಾರಿ ಶಾಲೆ, ಶಾಲೆಯ ಹಿಂದೆ ಗುಡ್ಡೆ, ಗುಡ್ಡೆಯ ಆಚೆ ನಮ್ಮ ಮನೆ. ಮೊದಲು ಅಲ್ಲಿ ನಮ್ಮವರದೇ ಐದು ಮನೆ ಇದ್ದವು. ಕೆಲವರು ಸತ್ತರು, ಉಳಿದವರು ಬಂಟ್ವಾಳದ ಕಡೆ ಹೋದರು. ಈಗ ಇರುವುದು ನಾನು ಮತ್ತು ನನ್ನ ಅಪ್ಪೆ. ನಾವು ತಾಯಿಗೆ ಅಪ್ಪೆ ಎನ್ನುತ್ತೇವೆ. ನನ್ನ ಗಂಡ ತೀರಿಹೋಗಿ ಒಂಬತ್ತು ವರ್ಷ. ಮಕ್ಕಳಾಗಲಿಲ್ಲ. ಕಾಡಿನಿಂದ ಬಳ್ಳಿ ತಂದು ಬುಟ್ಟಿ ಹೆಣೆಯುತ್ತೇವೆ. ಕಕ್ಕಿಂಜೆಯ ಹಸೈನಾರ್ ಸಾಹೇಬರ ಅಂಗಡಿಗೆ ಕೊಡುತ್ತೇವೆ. ಈ ಊರಿನಲ್ಲಿ ಅನ್ನ ಬಸಿಯುವ ಬುಟ್ಟಿ ನಮ್ಮದು, ಮೀನು ತೊಳೆಯುವ ಬುಟ್ಟಿ ನಮ್ಮದು, ಮದುವೆಗೆ ಹೂವು ತರುವ ಬುಟ್ಟಿಯೂ ನಮ್ಮದೇ. ನಮ್ಮ ಬುಟ್ಟಿ ಎಲ್ಲರ ಅಡುಗೆಮನೆಗೆ ಹೋಗಿದೆ. ನಾವು ಅಂಗಳ ದಾಟಿಲ್ಲ.

ಶಾಲೆಯಲ್ಲಿ ಬಿಸಿಯೂಟ ಸುರುವಾದ ವರ್ಷ ವಿಮಲಕುಮಾರ ಮಾಷ್ಟ್ರು ನಮ್ಮ ಮನೆಗೆ ಬಂದರು. ಅವರು ಶಾಲೆಯ ಮುಖ್ಯೋಪಾಧ್ಯಾಯರು. ಮೂಡುಬಿದಿರೆ ಕಡೆಯ ಜೈನರು. ಮೆತ್ತಗೆ ಮಾತಾಡುವವರು. ನಮ್ಮ ಅಂಗಳಕ್ಕೆ ಕಾಲಿಟ್ಟ ಮೊದಲ ಮಾಷ್ಟ್ರು ಅವರೇ.

"ಅಮ್ಮಣಿ, ಅಡುಗೆಗೆ ಇಬ್ಬರು ಬೇಕು. ಒಬ್ಬರು ನಿಮ್ಮವರೇ ಆಗಬೇಕು ಅಂತ ಸರಕಾರದ ಆದೇಶ ಉಂಟು. ನೀನು ಬರ್ತೀಯಾ?" ಎಂದು ಕೇಳಿದರು.

ನಾನು ಮರುದಿನ ಎರಡು ಸಲ ಸಾಬೂನು ಹಾಕಿ ಮಿಂದೆ. ಒಗೆದ ಸೀರೆ ಉಟ್ಟೆ. ಶಾಲೆಗೆ ಹೋಗಿ ಅಕ್ಕಿ ಆರಿಸಲು ಕೂತೆ. ಒಂದು ಸೇರು ಆರಿಸಿದ್ದೇನೋ ಇಲ್ಲವೋ, ಅಂಗಳದಲ್ಲಿ ಮೂವತ್ತು ಜನ ಸೇರಿದರು. ನನ್ನನ್ನು ಒಬ್ಬರೂ ಬೈಯಲಿಲ್ಲ. ಮಕ್ಕಳ ಬಟ್ಟಲು ತೆಗೆದುಕೊಂಡರು, ಮಕ್ಕಳ ಕೈ ಹಿಡಿದರು, ಮನೆಗೆ ಹೊರಟರು. ಅಷ್ಟೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ಸದ್ಯಕ್ಕೆ ನೀನು ತೋಟ ನೋಡಿಕೋ, ಜನ ಸ್ವಲ್ಪ ತಣಿಯಲಿ" ಎಂದರು ಮಾಷ್ಟ್ರು.

ಜನ ತಣಿಯಲು ನಾಲ್ಕು ವರ್ಷ ಸಾಕಾಗಲಿಲ್ಲ.

ತೋಟದ ತರಕಾರಿ ಅಡುಗೆಮನೆಗೆ ಹೋಗುವ ಕ್ರಮ ಹೀಗಿತ್ತು. ಶಾಲೆಯ ನೀರಿನ ನಳ್ಳಿಯ ಹತ್ತಿರ ಒಂದು ಬಟ್ಟೆ ಒಗೆಯುವ ಕಲ್ಲು. ನಾನು ಹರಿವೆ, ಬೆಂಡೆ, ಅಲಸಂಡೆ ಏನು ಕೊಯ್ದರೂ ಅದರ ಮೇಲೆ ಇಡಬೇಕು. ಇಟ್ಟು ಹತ್ತು ಹೆಜ್ಜೆ ಹಿಂದೆ ಬರಬೇಕು. ಆಮೇಲೆ ಅಡುಗೆಯ ವಾರಿಜಕ್ಕ ಬಂದು ಒಂದು ಕೊಡಪಾನ ನೀರು ಅದರ ಮೇಲೆ ಹೊಯ್ದು ಒಳಗೆ ಒಯ್ಯುತ್ತಿದ್ದಳು. ವಾರಿಜಕ್ಕ ಕೆಟ್ಟವಳಲ್ಲ, ಅದನ್ನೂ ಹೇಳಬೇಕು. ಒಮ್ಮೆ ನನಗೆ ಜ್ವರ ಬಂದಾಗ ಕಕ್ಕಿಂಜೆಯಿಂದ ಮಾತ್ರೆ ತರಿಸಿದಳು. ತರಿಸಿ ಆ ಕಲ್ಲಿನ ಮೇಲೆ ಇಟ್ಟಳು.

ನನಗೆ ಬೇಕಾದದ್ದು ಒಂದೇ. ಆ ಅಡುಗೆಮನೆಯ ಸೌಟು. ಮಧ್ಯಾಹ್ನ ಗಂಟೆ ಬಾರಿಸುವಾಗ ಮಕ್ಕಳು ಜಗಲಿಯಲ್ಲಿ ಸಾಲಾಗಿ ಕೂರುತ್ತಾರೆ. ವಾರಿಜಕ್ಕ ಅನ್ನ ಬಡಿಸುತ್ತಾ ಹೋಗುತ್ತಾಳೆ. "ಅಕ್ಕ, ಇನ್ನೊಂಚೂರು" ಎಂದು ಮಕ್ಕಳು ಬಟ್ಟಲು ಎತ್ತುತ್ತಾರೆ. ನಾನು ತೋಟದ ಬೇಲಿಯಿಂದ ಅದನ್ನು ನೋಡುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ಮಕ್ಕಳು ಹುಟ್ಟಲಿಲ್ಲ, ಹೋಗಲಿ. ಒಂದು ಮಗು ನನ್ನತ್ತ ಬಟ್ಟಲು ಎತ್ತಿ ಇನ್ನೊಂಚೂರು ಎಂದರೆ ಸಾಕು ಎಂದು ನನಗೆ ಆಸೆ. ಇದನ್ನು ಯಾರ ಹತ್ತಿರ ಹೇಳಲಿ? ಅಪ್ಪೆಯ ಹತ್ತಿರವೂ ಹೇಳಲಿಲ್ಲ. ನಾಚಿಕೆ ಆಗುತ್ತಿತ್ತು.

ಎರಡು ಸಾವಿರದ ಏಳನೇ ಇಸವಿ ಬೇಸಗೆಯಲ್ಲಿ ಎರಡನೇ ಅಡುಗೆಯವಳು ಮದುವೆಯಾಗಿ ಬಂಟ್ವಾಳಕ್ಕೆ ಹೋದಳು. ಜಾಗ ಖಾಲಿಯಾಯಿತು. ಮಾಷ್ಟ್ರು ಬೇಲಿಯ ಹತ್ತಿರ ಬಂದರು.

"ನಿನ್ನ ಹೆಸರು ಬರೆದು ಇಟ್ಟಿದ್ದೇನೆ ಅಮ್ಮಣಿ. ಆಟಿಯಲ್ಲಿ ಒಂದು ಕಾರ್ಯಕ್ರಮ ಉಂಟು. ಬೆಳ್ತಂಗಡಿಯಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರ್ತಾರೆ. ಅವರ ಎದುರೇ ಹೇಳ್ತೇನೆ. ಅವರು ಹೇಳಿದ ಮೇಲೆ ಯಾರೂ ಬಾಯಿ ಬಿಡುವ ಹಾಗಿಲ್ಲ. ಆದರೆ ಕಾರ್ಯಕ್ರಮ ಚಂದದಲ್ಲಿ ಕಳೀಬೇಕು."

ಕಾರ್ಯಕ್ರಮ ಏನೆಂದರೆ ಆಟಿಯ ಊಟ. ಮೂಡುಬಿದಿರೆಯ ಒಂದು ಮಹಿಳಾ ಕ್ಲಬ್ಬಿನವರು ಅದನ್ನು ಮಾಡಿಸುವವರು. ಮಣ್ಣಿನಿಂದ ಬಟ್ಟಲಿಗೆ ಎಂದು ಅದಕ್ಕೆ ಹೆಸರು. ಹಿಂದಿನವರು ಆಟಿ ತಿಂಗಳ, ಅಂದರೆ ಆಷಾಢದ, ಮಳೆಯಲ್ಲಿ ತಿನ್ನುತ್ತಿದ್ದ ಸೊಪ್ಪು, ಗೆಡ್ಡೆ, ಎಳೆಬಿದಿರಿನ ಕಣಿಲೆ ಎಲ್ಲವನ್ನೂ ಮಕ್ಕಳಿಗೆ ಪರಿಚಯ ಮಾಡಿಸುವುದು. ಊರಿನ ತಾಯಂದಿರಿಗೆ ಅಡುಗೆಯ ಸ್ಪರ್ಧೆ, ಬಹುಮಾನ. ಕ್ಲಬ್ಬಿನ ಅಧ್ಯಕ್ಷೆ ಅಮ್ಮ ಕಾರಿನಲ್ಲಿ ಬಂದು ತೋಟ ನೋಡಿದರು.

"ಕಾಡುಕೆಸುವಿನ ಗೆಡ್ಡೆ ಸಿಗ್ತದಾ ಅಮ್ಮಣಿ? ಅದು ಆರೋಗ್ಯಕ್ಕೆ ಎಷ್ಟು ಒಳ್ಳೇದು ಗೊತ್ತುಂಟಾ ನಿನಗೆ?"

ನನಗೆ ಗೊತ್ತಿಲ್ಲವಂತೆ! ಆಟಿ ಬಂತೆಂದರೆ ಬಳ್ಳಿ ಒದ್ದೆ, ಬುಟ್ಟಿ ಮಾಡಲಾಗುವುದಿಲ್ಲ. ಮಾಡಿದರೆ ಕೊಳ್ಳುವವರಿಲ್ಲ. ಹೊಳೆ ತುಂಬಿ ದಾರಿ ಕಟ್ಟುತ್ತದೆ. ಮಡಕೆಯಲ್ಲಿ ಅಕ್ಕಿ ಇರುವುದಿಲ್ಲ. ಆಗ ಗುಡ್ಡೆಗೆ ಹೋಗಿ ಈ ಗೆಡ್ಡೆ ಅಗೆಯುವುದು. ನನ್ನ ತಮ್ಮ ನಾಲ್ಕು ವರ್ಷದವನಿದ್ದಾಗ ಸರಿಯಾಗಿ ಬೇಯದ ಗೆಡ್ಡೆ ತಿಂದು ಒಂದು ಹಗಲು ಪೂರ್ತಿ ಗಂಟಲು ಹಿಡಿದುಕೊಂಡು ಅತ್ತಿದ್ದ. ಕಾಯಲು ನಮಗೆ ಪುರುಸೊತ್ತಿರಲಿಲ್ಲ, ಅಷ್ಟು ಹಸಿವು. ಆ ಹಸಿವಿಗೆ ಈಗ ಬಹುಮಾನ ಇಟ್ಟಿದ್ದಾರೆ.

"ಸಿಗ್ತದೆ ಅಮ್ಮ" ಎಂದೆ.

ಮೂರು ದಿನ ಗುಡ್ಡೆ ಹತ್ತಿದೆ. ತಗತೆ ಸೊಪ್ಪು, ತಿಮರೆ ಸೊಪ್ಪು, ಕಣಿಲೆ ಮೊದಲೆರಡು ದಿನ. ಮೂರನೇ ದಿನ ಗೆಡ್ಡೆ. ಗೋಣಿ ತಲೆಗೆ ಹಾಕಿಕೊಂಡು ಮೊಣಕಾಲೂರಿ ಹಾರೆಯಲ್ಲಿ ಅಗೆದೆ. ಮಣ್ಣು ಎಳೆದಷ್ಟೂ ನೀರು ತುಂಬುತ್ತಿತ್ತು. ಕಾಲಿಗೆ ಜಿಗಣೆ. ಎಂಬತ್ತೆರಡು ಮಕ್ಕಳು, ಮೇಲಿಂದ ಊರಿನವರು. ಮೂರು ಬುಟ್ಟಿ ಗೆಡ್ಡೆ ಆಯಿತು. ಒಂದೊಂದೇ ಹೊತ್ತು ಶಾಲೆಗೆ ಇಳಿಸಿದೆ.

ಗೆಡ್ಡೆ ಸಿಪ್ಪೆ ತೆಗೆಯುವುದು ಯಾರು ಎಂಬ ಪ್ರಶ್ನೆ ಬಂತು. ತುಂಡು ಮಾಡಿದ ತರಕಾರಿ ನನ್ನ ಕೈಯಿಂದ ಅಡುಗೆಮನೆಗೆ ಯಾವತ್ತೂ ಹೋದದ್ದಿಲ್ಲ. ಇಡಿಯಾದದ್ದನ್ನು ತೊಳೆಯಬಹುದು, ತುಂಡು ಮಾಡಿದ್ದನ್ನು ತೊಳೆದರೂ ಆಗುವುದಿಲ್ಲ ಎಂದು ಅವರ ಲೆಕ್ಕ. ಆದರೆ ಕಾಡುಕೆಸು ಮುಟ್ಟಿದರೆ ಕೈ ಉರಿಯುತ್ತದೆ. ವಾರಿಜಕ್ಕ ಒಂದು ಗೆಡ್ಡೆ ಸುಲಿದು ಕತ್ತಿ ಬಿಟ್ಟಳು. ತಾಯಂದಿರು ದೂರ ಸರಿದರು.

"ಅಮ್ಮಣಿಯೇ ಮಾಡಲಿ. ಅವರಿಗೆ ಅಭ್ಯಾಸ ಉಂಟಲ್ಲ" ಎಂದ ಹುಕ್ರಪ್ಪಣ್ಣ. ಶಾಲೆಯ ಅಭಿವೃದ್ಧಿ ಸಮಿತಿಯ ಅಧ್ಯಕ್ಷ ಅವನು.

ತುರಿಸುವ ಕೆಲಸಕ್ಕೆ ಮಡಿ ಇಲ್ಲ.

ಶುಕ್ರವಾರ ಮಧ್ಯಾಹ್ನದಿಂದ ಸಂಜೆವರೆಗೆ ನಳ್ಳಿಯ ಹತ್ತಿರ ಕೂತು ಮೂರು ಬುಟ್ಟಿ ಗೆಡ್ಡೆಯನ್ನೂ ಸುಲಿದೆ. ತೆಳ್ಳಗೆ ಕೊಯ್ದೆ. ಬೆರಳಿನ ಸಂದು ಕೆಂಪಾಗಿ ಊದಿಕೊಂಡಿತು. ಕಣ್ಣಿಗೆ ನೀರು ಬಂದರೆ ಒರೆಸುವ ಹಾಗಿಲ್ಲ, ಕೈ ಕಣ್ಣಿಗೆ ತಾಗಿದರೆ ಮುಗಿಯಿತು. ಕೊಯ್ದದ್ದನ್ನು ದೊಡ್ಡ ಅಲ್ಯುಮಿನಿಯಂ ಚರಿಗೆಯಲ್ಲಿ ಹಾಕಿ ಕಲ್ಲುಪ್ಪು, ಕಿವುಚಿದ ಹುಣಸೆಹುಳಿ ಬೆರೆಸಿ ಒತ್ತಿ ಮುಚ್ಚಿಟ್ಟೆ. ರಾತ್ರಿ ಕಳೆಯುವಾಗ ಹುಳಿ ಗೆಡ್ಡೆಯೊಳಗೆ ಇಳಿಯುತ್ತದೆ, ತುರಿಕೆ ಸಾಯುತ್ತದೆ. ಮರುದಿನ ಆ ಹುಳಿನೀರಿನಲ್ಲೇ ಬೇಯಿಸಬೇಕು. ಇದನ್ನು ಅಪ್ಪೆ ನನಗೆ ಕಲಿಸಿದ್ದು. ತಮ್ಮ ಅತ್ತ ದಿನ ಕಲಿಸಿದ್ದು.

"ವಾರಿಜಕ್ಕ, ಇದನ್ನು ತೊಳೀಬಾರದು. ಹಾಗೇ ಒಲೆಗೆ ಹಾಕಿ" ಎಂದು ಮೂರು ಸಲ ಹೇಳಿದೆ.

"ಆಯ್ತು ಮಾರಾಯ್ತಿ, ಗೊತ್ತಾಯ್ತು" ಎಂದಳು.

ಶನಿವಾರ ಬೆಳಗ್ಗೆ ಶಾಲೆಯ ಜಗಲಿಗೆ ಬಾಳೆಕಂಬ ಕಟ್ಟಿದ್ದರು. ಮೈಕಿನಲ್ಲಿ ಹಾಡು. ತಾಯಂದಿರು ರೇಷ್ಮೆ ಸೀರೆಯಲ್ಲಿ ಬಂದಿದ್ದರು. ನನ್ನ ಹೊಸ ಬುಟ್ಟಿಗಳನ್ನು ಮೇಜಿನ ಮೇಲೆ ಜೋಡಿಸಿ ಅದರಲ್ಲಿ ಸೊಪ್ಪು ಇಟ್ಟಿದ್ದರು. ಕ್ಲಬ್ಬಿನ ಅಮ್ಮ ಬುಟ್ಟಿಯನ್ನು ಎತ್ತಿ ತಿರುಗಿಸಿ ಎಷ್ಟು ಚಂದ ಎಂದು ಹೇಳಿದರು. ನಾನು ನಳ್ಳಿಯಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ.

ವಾರಿಜಕ್ಕ ಚರಿಗೆ ಎತ್ತಲು ಬಂದಳು. ಒಬ್ಬಳು ತಾಯಿ ಕೇಳಿದಳು, "ಕೊಯ್ದದ್ದೂ ಅವಳೇ ಅಲ್ವಾ? ಬೆರೆಸಿದ್ದೂ ಕೈಯಲ್ಲೇ ಅಲ್ವಾ?"

ವಾರಿಜಕ್ಕ ನಿಂತಳು.

"ನೀರಾದರೂ ಹಾಕಿ ವಾರಿಜಕ್ಕ. ಮಕ್ಕಳು ತಿನ್ನುವುದು."

ವಾರಿಜಕ್ಕ ನನ್ನನ್ನು ನೋಡಿದಳು. ಆಮೇಲೆ ಚರಿಗೆಯನ್ನು ಕಲ್ಲಿನ ಮೇಲೆ ಬಗ್ಗಿಸಿದಳು. ಹುಳಿನೀರು ಕೆಂಪಗೆ ಹರಿದು ಚರಂಡಿಗೆ ಹೋಯಿತು. ಅವಳು ಒಂದು ಕೊಡಪಾನ ನೀರು ಹೊಯ್ದಳು. ಎರಡು. ಮೂರು.

"ವಾರಿಜಕ್ಕಾ! ತೊಳೀಬೇಡಿ! ಹುಳಿ ಹೋಗ್ತದೆ! ಮಕ್ಕಳಿಗೆ ತುರಿಸ್ತದೆ!"

"ಬೊಬ್ಬೆ ಹಾಕಬೇಡ ಮಾರಾಯ್ತಿ. ಸಾಹೇಬ್ರು ಬರುವ ಹೊತ್ತು."

ಏಳು ಕೊಡಪಾನ ಹೊಯ್ದಳು. ನಾನು ಎಣಿಸಿದ್ದೇನೆ. ಪ್ರತಿ ತುಂಡನ್ನೂ ಉಜ್ಜಿ ತೊಳೆದಳು. ಜಗಲಿಯಲ್ಲಿ ಬ್ಯಾನರ್ ಕಟ್ಟಿಸುತ್ತಿದ್ದ ವಿಮಲಕುಮಾರ ಮಾಷ್ಟ್ರು ನನ್ನ ಬೊಬ್ಬೆಗೆ ತಿರುಗಿ ನೋಡಿದರು. ನೀರು ನೋಡಿದರು, ನನ್ನನ್ನು ನೋಡಿದರು. ಮತ್ತೆ ಬ್ಯಾನರಿನ ಕಡೆ ತಿರುಗಿದರು.

ನಾನು ಹೋಗಿ ಚರಿಗೆ ಹಿಡಿದುಕೊಳ್ಳಬಹುದಿತ್ತು. ಹತ್ತು ಹೆಜ್ಜೆ. ಅಷ್ಟೇ ಇದ್ದದ್ದು. ನನ್ನ ಕಾಲು ಏಳಲಿಲ್ಲ. ನಾಲ್ಕು ವರ್ಷ ಅಲ್ಲಿಯೇ ನಿಂತು ನಿಂತು ಕಾಲಿಗೆ ಅದೇ ಅಭ್ಯಾಸವಾಗಿತ್ತು. ಜಗಳ ಆದರೆ ಅಡುಗೆಮನೆಯ ಕೆಲಸ ಹೋಗುತ್ತದೆ ಎಂಬ ಹೆದರಿಕೆಯೂ ಇತ್ತು. ಇದು ನನ್ನ ತಪ್ಪು. ಇದೊಂದನ್ನು ನಾನು ಒಪ್ಪುತ್ತೇನೆ.

ಹನ್ನೆರಡೂವರೆಗೆ ಮಕ್ಕಳನ್ನು ಕೂರಿಸಿದರು. ಸಾಹೇಬರು ಬರಲು ತಡವಾಗಿತ್ತು, ಮಕ್ಕಳು ಕಾಯುವುದು ಬೇಡ ಎಂದು ಬಡಿಸಿದರು. ಎಲೆಯ ತುದಿಗೆ ಗೆಡ್ಡೆಯ ಪಲ್ಯ, ತೆಂಗಿನಕಾಯಿ ಹಾಕಿ, ಒಗ್ಗರಣೆ ಕೊಟ್ಟು. ಹೊಟ್ಟೆ ಹಸಿದ ಮಕ್ಕಳು. ಗಬಗಬ ತಿಂದರು.

ಮೊದಲು ಕೂಗಿದವಳು ನಾಲ್ಕನೇ ಕ್ಲಾಸಿನ ಸಜ್ನಾ. ಕುತ್ತಿಗೆ ಹಿಡಿದುಕೊಂಡು ಎದ್ದಳು. ಆಮೇಲೆ ಅವಳ ಪಕ್ಕದವನು. ಆಮೇಲೆ ಇಡೀ ಸಾಲು. ನಾಲಿಗೆ ಹೊರಗೆ ಹಾಕಿ, ಕೆರೆದುಕೊಂಡು, ನೆಲಕ್ಕೆ ಬಿದ್ದು ಹೊರಳಿ ಅತ್ತರು. ತಾಯಂದಿರು ನೀರು ಕುಡಿಸಿದರು. ನೀರು ಕುಡಿದರೆ ಹೆಚ್ಚಾಗುತ್ತದೆ. ಅವರಿಗೆ ಗೊತ್ತಿಲ್ಲ. ಮೈಕಿನಲ್ಲಿ ಹಾಡು ಹಾಗೇ ನಡೆಯುತ್ತಿತ್ತು.

ಆಗ ನನ್ನ ಕಾಲು ಎದ್ದಿತು. ತೋಟದ ಮೂಲೆಯಲ್ಲಿ ಬಿಂಬುಳಿ ಮರ ಇದೆ, ಅದರ ಕಾಯಿ ಬರೀ ಹುಳಿ. ಸೀರೆಯ ಸೆರಗು ತುಂಬ ಕಾಯಿ ಕಿತ್ತೆ. ನಳ್ಳಿಯ ಹತ್ತಿರ ಉಳಿದಿದ್ದ ಕಲ್ಲುಪ್ಪು ಹಿಡಿದುಕೊಂಡೆ. ಜಗಲಿಗೆ ಓಡಿದೆ. ಹೌದು, ಜಗಲಿಗೆ. ಹತ್ತಿದೆ.

"ಇದನ್ನು ಜಗಿಯಿರಿ ಮಕ್ಕಳೇ. ಉಗುಳಬೇಡಿ, ನುಂಗಿ. ಈಗ ಕಡಿಮೆ ಆಗ್ತದೆ."

ಸಜ್ನಾ ಬಾಯಿ ತೆರೆದಳು. ಉಪ್ಪು ಸವರಿದ ಕಾಯಿಯನ್ನು ಅವಳ ನಾಲಿಗೆಯ ಮೇಲೆ ಇಟ್ಟೆ. ಅವಳು ಮುಖ ಹಿಂಡಿ ಜಗಿದಳು. ನುಂಗಿದಳು. ಅಳು ನಿಂತಿತು. ಮತ್ತೆ ಮಕ್ಕಳು ನನ್ನ ಸುತ್ತ ಮುತ್ತಿದರು. "ನನಗೆ ಅಕ್ಕ, ನನಗೆ" ಎಂದು ಬಾಯಿ ತೆರೆದರು. ಹುಕ್ರಪ್ಪಣ್ಣನ ಮೊಮ್ಮಗಳು ಅವಸರದಲ್ಲಿ ನನ್ನ ಬೆರಳನ್ನೇ ಕಚ್ಚಿದಳು. ಊದಿದ ಬೆರಳು, ನೋವಾಯಿತು. ನನಗೆ ನಗು ಬಂತು. ದೇವರಾಣೆ ಹೇಳುತ್ತೇನೆ, ಮಕ್ಕಳು ಅಳುತ್ತಿರುವಾಗ ನನಗೆ ಖುಷಿಯಾಯಿತು. ನನ್ನ ಕೈಯಿಂದ ಅಷ್ಟೂ ಮಕ್ಕಳು ತಿಂದರು. ಒಬ್ಬೊಬ್ಬರ ಹಲ್ಲು ನನ್ನ ಬೆರಳಿಗೆ ತಾಗಿತು. ಅಕ್ಕ, ಇನ್ನೊಂದು ಕೊಡು ಎಂದರು. ನನ್ನ ಬದುಕಿನಲ್ಲಿ ಆ ಹದಿನೈದು ನಿಮಿಷದಂಥದ್ದು ಹಿಂದೆ ಬಂದಿಲ್ಲ, ಮುಂದೆ ಬರುವುದೂ ಇಲ್ಲ.

ಮಕ್ಕಳು ಸುಧಾರಿಸಿದರು. ಆಗ ದೊಡ್ಡವರಿಗೆ ಮಾತು ಬಂತು.

"ಯಾವ ಗೆಡ್ಡೆ ತಂದಿದ್ದೀ ನೀನು?" ಹುಕ್ರಪ್ಪಣ್ಣ ಕೇಳಿದ. ಮೊಮ್ಮಗಳು ನನ್ನ ಕೈಯಿಂದ ತಿಂದದ್ದನ್ನು ಅವನು ನೋಡಿದ್ದ. ಅವನ ಮುಖ ಅದಕ್ಕೇ ಕೆಂಪಾಗಿತ್ತು ಎಂದು ನನಗೆ ಅನಿಸಿತು.

"ನಾವು ತಿನ್ನುವ ಗೆಡ್ಡೆಯೇ ಧಣಿ. ಹುಳಿ ಹಾಕಿ ಇಟ್ಟಿದ್ದೆ. ತೊಳೆದು ಬಿಟ್ಟರು."

"ತೊಳೆದರೆ ವಿಷ ಆಗ್ತದಾ? ಎಂತ ಮಾತಾಡ್ತೀ?"

"ವಾರಿಜಕ್ಕನ ಹತ್ತಿರ ಕೇಳಿ. ಏಳು ಕೊಡಪಾನ ಹಾಕಿದ್ದಾರೆ."

ಎಲ್ಲರೂ ವಾರಿಜಕ್ಕನನ್ನು ನೋಡಿದರು. ಅವಳು ಸೆರಗಿನಿಂದ ಬಾಯಿ ಮುಚ್ಚಿ ನಿಂತಿದ್ದಳು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಮಾಷ್ಟ್ರನ್ನು ನೋಡಿದೆ. ಅವರು ನೋಡಿದ್ದಾರಲ್ಲ, ಹೇಳುತ್ತಾರೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಒರೆಸಿದರು.

ಆ ಹೊತ್ತಿಗೆ ಸಾಹೇಬರ ಜೀಪು ಬಂತು. ಅವರು ಇಳಿದು, ವಿಷಯ ಕೇಳಿ, ಕರ್ಚೀಪಿನಿಂದ ಕುತ್ತಿಗೆ ಒರೆಸಿಕೊಂಡರು. ಪೇಪರಿನವರಿಗೆ ಹೋಗುವುದು ಬೇಡ, ಬೇಗ ಮುಗಿಸಿ ಎಂದರು.

ಮುಗಿಸುವ ದಾರಿ ಹುಕ್ರಪ್ಪಣ್ಣನಿಗೆ ಹೊಳೆಯಿತು. ಒಂದು ಮಗು ಅರ್ಧ ತಿಂದು ಬಿಟ್ಟಿದ್ದ ಎಲೆಯನ್ನು ಎತ್ತಿಕೊಂಡು ಬಂದ. ಅದರ ಮೇಲೆ ಪಲ್ಯ ಇತ್ತು. ನನ್ನ ಎದುರು ನೆಲಕ್ಕೆ ಇಟ್ಟ.

"ತಿನ್ನು. ನೀವು ತಿನ್ನುವ ಗೆಡ್ಡೆ ಅಂತ ಹೇಳಿದ್ದಲ್ಲ? ಎಲ್ಲರ ಎದುರು ತಿಂದು ತೋರಿಸು. ನಿನಗೆ ಏನೂ ಆಗದಿದ್ದರೆ ನಂಬುವ."

ನೂರು ಜನ ಸುತ್ತ ನಿಂತಿದ್ದರು. ನನ್ನ ಗಂಟಲು ನೋಡುತ್ತಿದ್ದರು.

ನನಗೆ ಏಳು ವರ್ಷ ಇದ್ದಾಗಿನದು ನೆನಪಾಯಿತು. ಒಂದು ದೊಡ್ಡ ಮನೆ. ಅಲ್ಲಿ ಬಸುರಿ ಹೆಂಗಸಿಗೆ ಸೀಮಂತ. ನಮ್ಮನ್ನು ಕರೆಸಿದ್ದರು. ಅಂಗಳದ ಕೊನೆಯಲ್ಲಿ ಅಪ್ಪೆಯನ್ನು ಕೂರಿಸಿ ಎಲೆ ಇಟ್ಟರು. ಆ ಅನ್ನದಲ್ಲಿ ಅವರ ಕೂದಲು ಇತ್ತು, ಉಗುರು ಇತ್ತು. ಆ ಮನೆಗೆ ಬರುವ ಕೇಡು ಅನ್ನದ ಜೊತೆ ನಮ್ಮ ಹೊಟ್ಟೆಗೆ ಹೋಗಬೇಕು. ಅದಕ್ಕೆ ಅಜಲು ಎಂದು ಹೆಸರು. ಅಪ್ಪೆ ತಿಂದಳು. ನಿಂತವರು ನೋಡಿದರು. ತಿಂದಾದ ಮೇಲೆ ಒಳಗೆ ನಗು, ಓಲಗ. ಈಗ ಅದಕ್ಕೆ ಕಾನೂನು ಬಂದಿದೆ, ಮಾಡಿದರೆ ಜೈಲು ಎಂದು ಬೆಳ್ತಂಗಡಿಯಲ್ಲಿ ಸಭೆ ಮಾಡಿ ನಮಗೆ ಹೇಳಿದ್ದರು. ನಾನೂ ಹೋಗಿದ್ದೆ. ಆದರೆ ಇಲ್ಲಿ ಕೂದಲಿಲ್ಲ, ಉಗುರಿಲ್ಲ. ಬರೀ ಒಂದು ಎಲೆ. ಊರು ಮಾಡಿದ ತಪ್ಪು ಎಲೆಯ ಮೇಲಿದೆ, ಅದು ನನ್ನ ಹೊಟ್ಟೆಗೆ ಹೋಗಬೇಕು. ಇದನ್ನು ಯಾವ ಕಾನೂನಿಗೆ ತೋರಿಸಲಿ?

ಮಾಷ್ಟ್ರು ಹತ್ತಿರ ಬಂದರು. ತಗ್ಗಿದ ಸ್ವರದಲ್ಲಿ ಹೇಳಿದರು.

"ಒಂದು ತುತ್ತು ಅಮ್ಮಣಿ. ಒಂದೇ ತುತ್ತು. ನಿನಗೆ ಅದು ದೊಡ್ಡದಲ್ಲ. ಸಾಹೇಬರು ಇಲ್ಲೇ ಇದ್ದಾರೆ. ಇವತ್ತೇ ನಿನ್ನ ಕೆಲಸದ್ದು ಹೇಳಿ ಮುಗಿಸ್ತೇನೆ. ಸೋಮವಾರದಿಂದ ಅಡುಗೆಮನೆಗೆ ಬಾ."

ಅವರು ಹೇಳಿದ್ದು ನಿಜ. ನನಗೆ ಅದು ದೊಡ್ಡದಲ್ಲ. ತೊಳೆದ ಗೆಡ್ಡೆಯನ್ನೂ ನುಂಗಿ ಮುಖ ಹಿಂಡದೆ ನಿಲ್ಲಬಲ್ಲೆ. ಹಸಿವಿನಲ್ಲಿ ಅದಕ್ಕಿಂತ ಕೆಟ್ಟದ್ದನ್ನು ತಿಂದಿದ್ದೇನೆ. ತಿಂದರೆ ಸೌಟು ನನ್ನ ಕೈಗೆ ಬರುತ್ತದೆ. ನಾಲ್ಕು ವರ್ಷ ಕಾದದ್ದು ಒಂದು ತುತ್ತಿನ ದೂರದಲ್ಲಿತ್ತು. ನಾನು ಬಗ್ಗಿದೆ. ಬಗ್ಗಿದ್ದು ಸುಳ್ಳಲ್ಲ. ಕೈ ಎಲೆಯ ಹತ್ತಿರ ಹೋಯಿತು.

ಆಗ ತಲೆ ಎತ್ತಿ ಕೇಳಿದೆ.

"ನೀವೂ ತಿನ್ನುತ್ತೀರಾ ಮಾಷ್ಟ್ರೆ? ನನ್ನೊಟ್ಟಿಗೆ?"

ಅವರು ಗಾಬರಿಯಾದರು. "ನಮ್ಮಲ್ಲಿ ಗೆಡ್ಡೆ ತಿನ್ನುವ ಕ್ರಮ ಇಲ್ಲ ಅಮ್ಮಣಿ. ನಿನಗೆ ಗೊತ್ತುಂಟಲ್ಲ."

ಹುಕ್ರಪ್ಪಣ್ಣ ತಲೆ ಆಡಿಸಿದ. ಹೌದು, ಜೈನರು ಗೆಡ್ಡೆ ತಿನ್ನುವುದಿಲ್ಲ. ಸಾಹೇಬರೂ ತಲೆ ಆಡಿಸಿದರು. ಅವರು ತಿನ್ನುವುದಿಲ್ಲ ಎಂದರೆ ಅದು ಮರ್ಯಾದೆ. ಯಾಕೆ ಎಂದು ಯಾರೂ ಕೇಳುವುದಿಲ್ಲ.

ನಾನು ಎದ್ದು ನಿಂತೆ.

"ನಮ್ಮಲ್ಲಿಯೂ ಇನ್ನು ಆ ಕ್ರಮ ಇಲ್ಲ ಮಾಷ್ಟ್ರೆ."

"ಎಂತದು?" ಎಂದ ಹುಕ್ರಪ್ಪಣ್ಣ.

"ನಾನು ತಿನ್ನುವುದಿಲ್ಲ."

"ತಿನ್ನದಿದ್ದರೆ ವಿಷ ಅಂತಲೇ ಆಯ್ತಲ್ಲ?"

"ನೀವು ಏನು ಬೇಕಾದರೂ ಹೇಳಿ ಧಣಿ. ನಾನು ತಿನ್ನುವುದಿಲ್ಲ. ಹುಳಿ ಹಾಕಿದವಳು ನಾನು. ತೆಗೆದವರು ನೀವು. ಯಾಕೆ ತೆಗೆದಿರಿ ಅಂತ ನಿಮಗೆಲ್ಲರಿಗೂ ಗೊತ್ತುಂಟು. ನಿಮ್ಮ ಮಕ್ಕಳ ಬಾಯಿ ಉರಿದದ್ದು ಗೆಡ್ಡೆಯಿಂದ ಅಲ್ಲ, ನಿಮ್ಮ ನೀರಿನಿಂದ."

ಮೈಕಿನ ಹಾಡು ಅಷ್ಟರಲ್ಲಿ ಯಾರೋ ನಿಲ್ಲಿಸಿದ್ದರು. ನನ್ನ ಸ್ವರ ನನಗೇ ದೊಡ್ಡದಾಗಿ ಕೇಳಿತು. ನಾನು ಜಗಲಿ ಇಳಿದೆ. ಯಾರೂ ತಡೆಯಲಿಲ್ಲ. ದಾರಿ ಬಿಟ್ಟರು, ಮೈ ತಾಗಬಾರದಲ್ಲ. ಹಿಂದಿನಿಂದ ಒಂದು ಮಗು "ಅಕ್ಕ" ಎಂದಿತು. ತಾಯಿ ಅದರ ಬಾಯಿ ಮುಚ್ಚಿದಳು. ನಾನು ತಿರುಗಲಿಲ್ಲ. ತಿರುಗಿದರೆ ಅಳು ಬರುತ್ತಿತ್ತು, ಅದನ್ನು ಅವರಿಗೆ ತೋರಿಸುವ ಮನಸ್ಸಿರಲಿಲ್ಲ.

ಮನೆಗೆ ಬಂದು ಅಪ್ಪೆಗೆ ಹೇಳಿದೆ. ಅವಳು ಒಲೆಯ ಮುಂದೆ ಕೂತಿದ್ದಳು. ಎಲ್ಲ ಕೇಳಿದ ಮೇಲೆ ನನ್ನನ್ನೇ ಬೈದಳು.

"ಒಂದು ತುತ್ತು ತಿನ್ನಲಿಕ್ಕೆ ನಿನಗೆ ಆಗಲಿಲ್ಲವಾ? ನಾನು ಎಷ್ಟು ತಿಂದಿಲ್ಲ? ನನ್ನ ಅಪ್ಪೆ ಎಷ್ಟು ತಿಂದಿಲ್ಲ? ತಿಂದ ಕಾರಣ ನೀವೆಲ್ಲ ಬದುಕಿದ್ದು. ಈಗ ಊರಿನಲ್ಲಿ ಹೇಗೆ ಇರುವುದು ನಾವು?"

ಅವಳು ಕೇಳಿದ್ದು ಸರಿಯಾಗಿಯೇ ಇತ್ತು.

ಅಡುಗೆಮನೆಯ ಕೆಲಸ ಹುಕ್ರಪ್ಪಣ್ಣನ ಸಂಬಂಧದ ಒಬ್ಬಳಿಗೆ ಹೋಯಿತು. ಶಾಲೆಯ ತೋಟಕ್ಕೆ ನಾನು ಹೋಗುವುದು ಬಿಟ್ಟೆ. ಅವರೂ ಕರೆಯಲಿಲ್ಲ. ಕೊರಗರವಳು ಮಕ್ಕಳಿಗೆ ವಿಷ ಹಾಕಿದಳು ಎಂದು ಕಕ್ಕಿಂಜೆವರೆಗೆ ಸುದ್ದಿ ಹೋಗಿತ್ತು. ಹಸೈನಾರ್ ಸಾಹೇಬರ ಅಂಗಡಿಗೆ ಬುಟ್ಟಿ ಹೊತ್ತುಕೊಂಡು ಹೋದೆ. ಅವರು ಕೂರಲು ಸ್ಟೂಲು ಕೊಟ್ಟರು, ಚಾ ತರಿಸಿದರು.

"ನೀನು ಮಾಡಿದ್ದು ಸರಿ ಅಮ್ಮಣಿ. ನನ್ನ ಸಂಬಂಧದ ಸಜ್ನಾ ಎಲ್ಲ ಹೇಳಿದ್ದಾಳೆ. ಆದರೆ ಸ್ವಲ್ಪ ದಿನ ಬುಟ್ಟಿ ತರಬೇಡ. ನಾನೂ ವ್ಯಾಪಾರ ಮಾಡುವವ. ಗಿರಾಕಿಗಳು ಕೇಳ್ತಾರೆ."

ಸರಿ ಎಂದು ಹೇಳುವವರೂ ದೂರ ಇರು ಎಂದು ಹೇಳಿದರು. ಮೂರು ಮೈಲಿ ಬುಟ್ಟಿಯನ್ನು ಹಾಗೇ ತಿರುಗಿ ಹೊತ್ತು ತಂದೆ. ದಾರಿಯಲ್ಲಿ ಎದುರಾದವರು ಮಾತಾಡಲಿಲ್ಲ. ಮೊದಲಾದರೆ ಎಲ್ಲಿಗೆ ಅಮ್ಮಣಿ ಎಂದಾದರೂ ಕೇಳುತ್ತಿದ್ದರು. ಅಷ್ಟು ಮಾತು ಇಲ್ಲದೆ ಹೋದದ್ದೇ ನನಗೆ ಕೆಲಸ ಹೋದದ್ದಕ್ಕಿಂತ ಹೆಚ್ಚು ಕಷ್ಟವಾಯಿತು. ಮಧ್ಯಾಹ್ನ ಗುಡ್ಡೆಯ ಆಚೆಯಿಂದ ಊಟದ ಗಂಟೆ ಕೇಳುತ್ತಿತ್ತು. ನಾನು ಕೈ ಕೆಲಸ ನಿಲ್ಲಿಸುತ್ತಿದ್ದೆ. ಎಷ್ಟು ಬೇಡ ಎಂದರೂ ನಿಲ್ಲಿಸುತ್ತಿದ್ದೆ.

ಆಟಿ ಮುಗಿಯುವ ಮೊದಲು ಮನೆಯಲ್ಲಿ ಅಕ್ಕಿ ಮುಗಿಯಿತು. ನಾನು ಹಾರೆ ಹಿಡಿದು ಗುಡ್ಡೆಗೆ ಹೋದೆ. ಅದೇ ಕಾಡುಕೆಸು. ಸುಲಿದೆ, ಕೊಯ್ದೆ, ಉಪ್ಪು ಹುಳಿ ಬೆರೆಸಿ ಇಟ್ಟೆ. ಮರುದಿನ ಮಧ್ಯಾಹ್ನ ಹುಳಿನೀರಿನಲ್ಲೇ ಬೇಯಿಸಿದೆ. ಎರಡು ಎಲೆಯಲ್ಲಿ ಬಡಿಸಿದೆ. ಒಂದು ತುಂಡು ಬಾಯಿಗೆ ಹಾಕಿದೆ. ಮೆತ್ತಗೆ ಬೆಂದಿತ್ತು. ನಾಲಿಗೆಗೆ ಏನೂ ಆಗಲಿಲ್ಲ, ಗಂಟಲಿಗೆ ಏನೂ ಆಗಲಿಲ್ಲ. ನಂಬುವ ಎಂದವರು ಯಾರೂ ಅಲ್ಲಿ ಇರಲಿಲ್ಲ.

ಅಪ್ಪೆ ತನ್ನ ಎಲೆಯನ್ನು ಮೂಲೆಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತಳು. ನಾನು ಹುಟ್ಟಿದಾಗಿನಿಂದ ಅವಳು ಹಾಗೇ ಊಟ ಮಾಡುವುದು. ಅದು ಅವಳ ಚಾಳಿ ಎಂದುಕೊಂಡಿದ್ದೆ. ಆ ದಿನ ಕೇಳಿದೆ.

"ಅಪ್ಪೆ, ನೀನು ಯಾಕೆ ಗೋಡೆ ನೋಡಿ ತಿನ್ನುವುದು?"

ಅವಳು ಗೋಡೆಗೇ ಹೇಳಿದಳು.

"ಅವರು ನೋಡ್ತಿದ್ದರು. ನುಂಗಿದೆನಾ ಇಲ್ಲವಾ ಅಂತ. ಕೂದಲು ಗಂಟಲಿಗೆ ಸಿಕ್ಕಿದರೆ ಕೆಮ್ಮು ಬರ್ತದೆ. ಕೆಮ್ಮಿದರೆ ಇನ್ನೊಂದು ತುತ್ತು ಹಾಕ್ತಿದ್ದರು. ಯಾರಾದರೂ ಎದುರು ಇದ್ದರೆ ನನಗೆ ಇವತ್ತಿಗೂ ಅನ್ನ ಇಳಿಯುವುದಿಲ್ಲ ಮಗಾ."

ನಾನು ಎದ್ದು ಹೋಗಿ ಅವಳ ಭುಜ ಹಿಡಿದೆ. ಬರೀ ಎಲುಬು.

"ಈ ಕಡೆ ತಿರುಗು ಅಪ್ಪೆ."

"ಬೇಡ ಮಗಾ. ಯಾರಾದರೂ ಬಂದರೆ?"

"ಯಾರೂ ಬರುವುದಿಲ್ಲ" ಎಂದೆ.

ಅವಳು ಬಾಗಿಲ ಕಡೆ ನೋಡಿದಳು. ಅಂಗಳದಲ್ಲಿ ಮಳೆ ಬಿಟ್ಟು ಬೇರೆ ಏನೂ ಇರಲಿಲ್ಲ. ಮಾರದೆ ಉಳಿದ ಬುಟ್ಟಿಗಳು ಜಗಲಿಯಲ್ಲಿ ಒಂದರ ಮೇಲೊಂದು ಇದ್ದವು. ಅವಳು ಎರಡು ಕೈಯಲ್ಲೂ ಎಲೆ ಹಿಡಿದುಕೊಂಡು, ನಿಧಾನಕ್ಕೆ, ನನ್ನ ಎದುರು ತಿರುಗಿ ಕೂತಳು. ಒಂದು ತುಂಡು ಬಾಯಿಗೆ ಹಾಕಿದಳು. ನಾನು ಕಣ್ಣು ಕೆಳಗೆ ಹಾಕಿ ನನ್ನ ಎಲೆ ನೋಡಿದೆ. ಅವಳು ನುಂಗಿದ್ದು ಕೇಳಿತು.